ಮಾರ್ಕನ ಕೊನೆಯ 12 ವಚನಗಳ ಬಗ್ಗೆ
ನಿಮ್ಮ ನಾಸ್ತಿಕ ಗೆಳೆಯರು ಬೈಬಲ್‌ನಲ್ಲಿರುವ ಮಾರ್ಕನ ಸುವಾರ್ತೆಯ ಕೊನೆಯ 12 ವಚನ ಆಮೇಲೆ ಸೇರಿಸಿದ್ದು ಅಂದರು, ಅದಕ್ಕೆ ಏನು ಹೇಳಲಿ ಅಂತ ಕೇಳಿದ್ದೀರಿ. ಮೊದಲು ಒಪ್ಪಿಕೊಳ್ಳಿ. ಹೆಚ್ಚಿನ ವಿದ್ವಾಂಸರು, ಕ್ರೈಸ್ತರೂ ಸೇರಿ, ಹೇಳುವುದು ಅದನ್ನೇ. 4ನೇ ಶತಮಾನದ ಸಿನಾಯ್ಟಿಕಸ್, ವ್ಯಾಟಿಕನಸ್ ಎಂಬ ಗ್ರೀಕ್ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ (16ನೇ ಅಧ್ಯಾಯ, 8ನೇ ವಚನ) ಮುಗಿಯುತ್ತದೆ, ಹೆಂಗಸರು ಹೆದರಿ ಯೇಸುವಿನ ಸಮಾಧಿಯಿಂದ ಓಡಿಹೋಗುವಲ್ಲಿಗೆ. ಈಗಿನ ಹಲವು ಇಂಗ್ಲಿಷ್ ಬೈಬಲ್‌ಗಳಲ್ಲಿ ಅದೇ ಪುಟದಲ್ಲೇ ಟಿಪ್ಪಣಿ ಇದೆ, ಯಾರೂ ಬಚ್ಚಿಟ್ಟಿಲ್ಲ. ಆದರೆ ಯೇಸು ಎದ್ದಿದ್ದಾನೆ ಅನ್ನುವ ಸುದ್ದಿ 16:6ರಲ್ಲೇ ಬಂದುಬಿಟ್ಟಿದೆ ಅಲ್ವಾ? ಆ 12 ವಚನ ತೆಗೆದರೂ ಅದು ಹೋಗುವುದಿಲ್ಲ.

ಒಂದು ಮಾತು, ನಾನೂ ನಂಬುವವನಾಗಿಯೇ ಹೇಳುತ್ತೇನೆ. ನಮ್ಮವರು ಇಂಥ ವಾದದಲ್ಲಿ ತಕ್ಷಣ ಮೃತ ಸಮುದ್ರದ ಸುರುಳಿಗಳನ್ನು, ಅಂದರೆ ಅಲ್ಲಿನ ಗುಹೆಗಳಲ್ಲಿ ಸಿಕ್ಕ ಹಳೆಯ ಯೆಹೂದಿ ಹಸ್ತಪ್ರತಿಗಳನ್ನು, ತರುತ್ತಾರೆ. 1947ರಲ್ಲಿ ಕುಮ್ರಾನ್ ಹತ್ತಿರ ಸಿಕ್ಕ, ಹಳೆಯ ಒಡಂಬಡಿಕೆಯ ಯೆಶಾಯನ ಪುಸ್ತಕದ ಸುರುಳಿ ಅಲ್ಲಿಯವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು, ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಬಹುಪಾಲು ಹೊಂದುತ್ತದೆ, ನಿಜ. ಆದರೆ ನಕಲು ಮಾಡಿದವರು ಜೋಪಾನವಾಗಿ ಬರೆದರು ಅನ್ನುವುದಕ್ಕೆ ಅದು ಸಾಕ್ಷಿ, ಬರೆದದ್ದೆಲ್ಲ ನಡೆದಿತ್ತು ಅನ್ನುವುದಕ್ಕಲ್ಲ. ಇವೆರಡನ್ನೂ ಸುಮ್ನೆ ಬೆರೆಸಬೇಡಿ.

ನಿಮ್ಮ ಗೆಳೆಯರ ತಕರಾರು ಪಠ್ಯದ ಮೇಲೋ, ಪವಾಡದ ಮೇಲೋ, ಅದನ್ನು ಮೊದಲು ಕೇಳಿ ನೋಡಿ.