ಕೆಂಪು ಇಳಿದರೂ ಹನಿ ಬಿಡಬೇಡಿ

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ಬಲಗಣ್ಣಿಗೆ ಯುವೆಯೈಟಿಸ್ ಆಗಿದೆ. ಕಿಣ್ವಗಳಿಂದ ಕಣ್ಣೊಳಗೆ ಉರಿಯೂತ ಎಂದರು ಡಾಕ್ಟರು. ಮೆಡಿಕಲ್ ಅಂಗಡಿಯವರು ಊತಕ್ಕೆಂದು ಕೊಟ್ಟದ್ದೂ ಕಿಣ್ವದ ಮಾತ್ರೆಯೇ! ಕಿಣ್ವ ಒಳ್ಳೆಯದೋ ಕೆಟ್ಟದ್ದೋ? ಐದು ದಿನಕ್ಕೆ ಕೆಂಪು ಹೋಗಿದೆ, ಹನಿ ಬಿಡಬಹುದೇ?"

ಬಿಡಬೇಡಿ. ಇದಿಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ನಿಧಾನವಾಗಿ ಓದಿ.

ಕಿಣ್ವ ಅಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ಚುರುಕಾಗಿಸುವ ಪ್ರೋಟೀನು. ಅದು ಒಂದೇ ವಸ್ತುವಲ್ಲ, ಒಂದೊಂದಕ್ಕೂ ಒಂದೊಂದು ಕೆಲಸ. ನಿಮ್ಮ ಕಣ್ಣೀರಿನಲ್ಲೇ ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೊಜೈಮ್ ಇದೆ. 1922ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್, ಪ್ರಯೋಗಕ್ಕೆ ಕಣ್ಣೀರು ಸಾಲದೆ ನಿಂಬೆ ಹಿಂಡಿ ಕಣ್ಣೀರು ತರಿಸುತ್ತಿದ್ದರು.

ಉರಿಯೂತದ ದಾರಿಯೇ ಬೇರೆ. ಫಾಸ್ಫೊಲೈಪೇಸ್ ಎಂಬ ಕಿಣ್ವ ಜೀವಕೋಶದ ಹೊರಪದರದಿಂದ ಒಂದು ಕೊಬ್ಬಿನಾಮ್ಲವನ್ನು ಬಿಡಿಸಿ ಕೊಡುತ್ತದೆ. ಕಾಕ್ಸ್ ಎಂಬ ಇನ್ನೊಂದು ಕಿಣ್ವ ಅದರಿಂದ ಪ್ರೊಸ್ಟಾಗ್ಲಾಂಡಿನ್ ಎಂಬ, ಉರಿಯೂತ ಎಬ್ಬಿಸುವ ರಾಸಾಯನಿಕ ತಯಾರಿಸುತ್ತದೆ. ಆಗ ರಕ್ತನಾಳ ಹಿಗ್ಗಿ ಸೋರತೊಡಗುತ್ತದೆ, ಬಿಳಿ ರಕ್ತಕಣಗಳು ಕಣ್ಣೊಳಗಿನ ತಿಳಿನೀರಿಗೆ ಇಳಿಯುತ್ತವೆ. ಸ್ಲಿಟ್ ಲ್ಯಾಂಪಿನ ಬೆಳಕಲ್ಲಿ ಡಾಕ್ಟರು ಹುಡುಕುವುದು ಅವನ್ನೇ. ಬಿಸಿಲುಕೋಲಿನಲ್ಲಿ ಧೂಳು ತೇಲುವ ಹಾಗೆ ಕಾಣುತ್ತವೆ. ಮನೆಯ ಕನ್ನಡಿಯಲ್ಲಿ ಕಾಣುವುದಿಲ್ಲ. ಕೆಂಪು ಹೋದ ಮೇಲೂ ಅವು ಒಳಗೆ ಇರಬಹುದು.

ಯುವೆಯೈಟಿಸ್‌ಗೆ ಸಾಮಾನ್ಯವಾಗಿ ಕೊಡುವ ಸ್ಟೀರಾಯ್ಡ್ ಹನಿ ಈ ಸರಪಳಿಯನ್ನು ಬುಡದಲ್ಲೇ ತಡೆಯುತ್ತದೆ. ತಟ್ಟನೆ ನಿಲ್ಲಿಸಿದರೆ ಉರಿಯೂತ ಮರುಕಳಿಸಬಹುದು, ಅದಕ್ಕೇ ದಿನಕ್ಕೆ ಇಷ್ಟಿಷ್ಟೆಂದು ಇಳಿಸುತ್ತಾ ಬರುತ್ತಾರೆ. ಹಾಗಂತ ಚೀಟಿಯಿಲ್ಲದೆ ನೀವೇ ಮತ್ತೆ ಮತ್ತೆ ಕೊಂಡು ಹಾಕಿಕೊಳ್ಳುವುದೂ ಅಪಾಯವೇ: ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ಪೊರೆಯೂ ಬರಬಹುದು.

ಮಾಟುಂಗದಲ್ಲಿರುವ ನನ್ನ ಅಕ್ಕ ನೀವು ಕೇಳಿದ್ದನ್ನೇ ಮಾಡಿದ್ದಳು. ಪಾಪೆ ಹಿಗ್ಗಿಸುವ ಇನ್ನೊಂದು ಹನಿಯನ್ನೂ, ಅಕ್ಷರ ಮಸುಕಾಗುತ್ತದೆಂದು ಬಿಟ್ಟಳು. ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡಿತು. ಅವಳ ಎಡಗಣ್ಣಿನ ಪಾಪೆ ಇವತ್ತಿಗೂ ಗುಂಡಗಿಲ್ಲ, ಒಂದು ಬದಿಗೆ ಎಳೆದು ಹೊಲಿದಂತಿದೆ. ಎದುರು ಕೂತು ಮಾತಾಡುವಾಗ ನನ್ನ ದೃಷ್ಟಿ ಅಲ್ಲಿಗೇ ಹೋಗುತ್ತದೆ, ಹೊಟ್ಟೆ ಚುರ್ ಎನ್ನುತ್ತದೆ.

ಇನ್ನು ಆ ಮಾತ್ರೆ. ಸಾಮಾನ್ಯವಾಗಿ ಅದು ಸೆರಾಟಿಯೋಪೆಪ್ಟಿಡೇಸ್, ಪ್ರೋಟೀನು ಒಡೆಯುವ ಕಿಣ್ವ. ಅದನ್ನು ಮೊದಲು ಮಾರಿದ ಜಪಾನಿನಲ್ಲೇ, ಗುಣ ಸಾಬೀತಾಗದೆ, 2011ರಲ್ಲಿ ಹಿಂದಕ್ಕೆ ಪಡೆದರು. ಅದನ್ನು ನೆಚ್ಚಿ ಕೂರಬೇಡಿ.

ಡಾಕ್ಟರು ಎಸಿಇ ರಕ್ತಪರೀಕ್ಷೆ ಬರೆದರೆ ಗಾಬರಿ ಬೇಡ. ಅದೂ ಒಂದು ಕಿಣ್ವ, ಸಾರ್ಕಾಯ್ಡೋಸಿಸ್ (ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ಕಾಯಿಲೆ) ಇದ್ದರೆ ಏರಿರಬಹುದು. ಕ್ಷಯದ ಪರೀಕ್ಷೆ ಹೇಳಿದರೆ ಅದನ್ನೂ ಮಾಡಿಸಿ. ನಮ್ಮಲ್ಲಿ ಯುವೆಯೈಟಿಸ್‌ಗೆ ಕ್ಷಯವೂ ಒಂದು ಮುಖ್ಯ ಕಾರಣ. ಈ ವಾರವೇ ಒಂದು ದಿನ ರಜೆ ಹಾಕಿ, ಹಾಕಿಕೊಳ್ಳುತ್ತಿರುವ ಹನಿಯ ಬಾಟಲಿ ಕೈಯಲ್ಲಿ ಹಿಡಿದು ಡಾಕ್ಟರ ಬಳಿ ಹೋಗಿ ಬನ್ನಿ. ಆಮೇಲೆ ನನಗೊಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ