ನಿಧಾನದ ಹಾಡುಗಳನ್ನಷ್ಟೇ ಆರಿಸಿದರೆ ರೆಗೆಟೋನ್‌ನ ವಿರಹ ಸಿಗುವುದಿಲ್ಲ

ಮೇಡಂ, ಪೋರ್ಟೊ ರಿಕೊದಲ್ಲಿ ಬೆಳೆದ ಸ್ಪ್ಯಾನಿಷ್ ಭಾಷೆಯ ಕುಣಿತದ ಸಂಗೀತ ರೆಗೆಟೋನ್‌ನಿಂದ ನೀವು ಆರಿಸಿದ ವಿರಹಗೀತೆಗಳ ಪಟ್ಟಿ ನೋಡಿದೆ. ಅದರ ಮೂಲ ತಾಳವಾದ ಡೆಂಬೋ ಹೊಡೆತ ಕೇಳಿಸಿದ್ದನ್ನೆಲ್ಲ ‘ಪಾರ್ಟಿ ಹಾಡು’ ಎಂದು ತೆಗೆದುಹಾಕಿ, ನಿಧಾನಗತಿಯವನ್ನಷ್ಟೇ ಉಳಿಸಿಕೊಂಡಿದ್ದೀರಿ. ಹೊಸದರಲ್ಲಿ ನಾನೂ ಹೀಗೆಯೇ ಕೇರಲು ಹೋಗಿ ಕಾಳು ಚೆಲ್ಲಿ ಹೊಟ್ಟು ಇಟ್ಟುಕೊಂಡಿದ್ದೆ. ದಯವಿಟ್ಟು ಅಳಿಸಿದ್ದನ್ನೆಲ್ಲ ಮತ್ತೆ ಸೇರಿಸಿ.

ಈ ಸಂಗೀತದಲ್ಲಿ ದುಃಖಕ್ಕೊಂದು ತಾಳ, ಸಂತೋಷಕ್ಕೊಂದು ತಾಳ ಎಂದಿಲ್ಲ. ಗಾಯಕ ಡ್ಯಾಡಿ ಯಾಂಕೀಯ 2004ರ ‘ಬಾರ್ರಿಯೊ ಫಿನೊ’ ತೆಗೆದುಕೊಳ್ಳಿ. ‘ಗ್ಯಾಸೊಲಿನಾ’ ಇರುವ ಅದೇ ಆಲ್ಬಮ್‌ನಲ್ಲಿ ‘ಲೊ ಕೆ ಪಾಸೋ, ಪಾಸೋ’ ಇದೆ. ರಾತ್ರಿಯೊಂದನ್ನು ಸುಖವಾಗಿ ಕಳೆದ ಮೇಲೆ ಅವಳು ಇನ್ನೊಬ್ಬನವಳೆಂದು ತಿಳಿದವನ ಹಾಡು ಅದು. ಆದದ್ದಾಯಿತು ಎಂದು ಪಲ್ಲವಿಯಲ್ಲಿ ಕೊಡವಿಕೊಳ್ಳುತ್ತಾನೆ. ನಿಜಕ್ಕೂ ಕೊಡವಿಕೊಂಡಿದ್ದರೆ ಅಷ್ಟು ಸಲ ಹೇಳಬೇಕಿತ್ತೇ?

ವೇಗ ನೋಡಬೇಡಿ, ಮಾತು ಯಾರ ಕಿವಿಗೆ ಎಂದು ನೋಡಿ. ನನಗೆ ಕೆಲಸಕ್ಕೆ ಬಂದದ್ದು ಇದೊಂದೇ. ಡಾನ್ ಒಮಾರ್‌ನ ‘ದೀಲೆ’ಯಲ್ಲಿ ಅವನು ಮಾತನಾಡುವುದು ಹುಡುಗಿಯೊಡನೆ, ಮುಟ್ಟಬೇಕಾದದ್ದು ಅವಳ ಗಂಡಸಿಗೆ. ಅವನದೇ ‘ಪೊಬ್ರೆ ದಿಯಾಬ್ಲಾ’ದಲ್ಲಿ ಕಾಸಿಗೂ ಬಾಳದವನಿಗಾಗಿ ಅಳುತ್ತ ಬೀದಿ ಸುತ್ತುವವಳಿಗೆ, ಜನ ನಿನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದು ಅವಳ ಕಿವಿಗೇ ಹೇಳುತ್ತಾನೆ.

ಗಾಯಕಿ ಕರೋಲ್ ಜಿ 2019ರಲ್ಲಿ ರ್‍ಯಾಪ್ ಗಾಯಕಿ ನಿಕಿ ಮಿನಾಜ್ ಜೊತೆ ಹಾಡಿದ ‘ತೂಸಾ’ವನ್ನಂತೂ ನೀವು ಅಳಿಸಲೇಬಾರದಿತ್ತು. ಮುರಿದ ಪ್ರೀತಿಯನ್ನು ಮರೆಯಲೆಂದು ಒಬ್ಬಳು ಗೆಳತಿಯ ಜೊತೆ ಹೊರಗೆ ಹೊರಟಿದ್ದಾಳೆ. ಇನ್ನು ಅವನಿಗಾಗಿ ಅಳುವುದಿಲ್ಲವೆಂದು ತೀರ್ಮಾನವೂ ಆಗಿದೆ. ಅಷ್ಟರಲ್ಲಿ ಯಾರೋ ‘ಆ ಹಾಡು’ ಹಾಕುತ್ತಾರೆ. ಮುಗಿಯಿತು: ಅಳುತ್ತಲೇ ಅವನಿಗೆ ಫೋನ್ ಮಾಡುತ್ತಾಳೆ, ಅವನು ಎತ್ತುವುದಿಲ್ಲ. ಕರೋಲ್ ಹಾಡುವ ಈ ಕಥೆ ಬಹುಮಟ್ಟಿಗೆ ‘ಅವಳು’ ಎಂದೇ ಸಾಗುತ್ತದೆ, ‘ನಾನು’ ಎಂದಲ್ಲ. ಪಕ್ಕದಲ್ಲಿ ಕುಣಿಯುತ್ತಿರುವವಳು ನೋಡಿ ಹೇಳಿದಂತೆ. ಕೆಳಗೆ ಡೆಂಬೋ, ಮೇಲೆ ಪಿಟೀಲುಗಳು. ಆ ಹೊಡೆತ ತೆಗೆದರೆ ಅವಳು ಅಳಬಾರದ ಜಾಗದಲ್ಲಿ ಅಳುತ್ತಿದ್ದಾಳೆ ಎಂಬುದೇ ಹೋಗಿಬಿಡುತ್ತದೆ.

ಬ್ಯಾಡ್ ಬನ್ನಿಯ ‘ಅಮೊರ್ಫೊದಾ’ ಪಟ್ಟಿಯಲ್ಲಿರಲಿ, ಒಳ್ಳೆಯ ಹಾಡು. ಆದರೆ ಅದು ಪಿಯಾನೊ ಮೇಲೆ ಹಾಡಿದ್ದು, ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಹಾಗೆಂದು ಪ್ರತಿ ಹಾಡಿನಲ್ಲೂ ನೋವು ಹುಡುಕಲೂ ಹೋಗಬೇಡಿ. ಬರೀ ಮೈಯ ಆಸೆಯ ಹಾಡುಗಳು ರಾಶಿ ಇವೆ, ಅವು ಅಷ್ಟೇ.

ಇನ್ನೊಂದು ಮಾತು, ಬೇಸರಿಸಬೇಡಿ. ಪಟ್ಟಿಯಲ್ಲಿ ಒಬ್ಬ ಹೆಣ್ಣೂ ಇಲ್ಲದಿರುವುದು ಸರಿಯಲ್ಲ. ಕುಣಿಯುತ್ತೇನೆ ಎಂದಮಾತ್ರಕ್ಕೆ ಹಾಸಿಗೆಗೆ ಬರುತ್ತೇನೆ ಎಂದಲ್ಲ ಎಂದು ‘ಕಿಯೆರೊ ಬೈಲಾರ್’ನಲ್ಲಿ ಖಡಾಖಂಡಿತವಾಗಿ ಹೇಳಿದ ಐವಿ ಕ್ವೀನ್‌ಳನ್ನು ಬಿಟ್ಟು ಪೋರ್ಟೊ ರಿಕೊದ ಪ್ರೇಮದ ಮಾತೇ? ಅವಳ ‘ತೆ ಎ ಕೆರಿದೊ, ತೆ ಎ ಯೊರಾದೊ’ದಲ್ಲಿ ಡೊಮಿನಿಕನ್ ಗಣರಾಜ್ಯದ ವಿರಹದ ಸಂಗೀತವಾದ ಬಚಾಟಾದ ಗಿಟಾರ್ ಡೆಂಬೋ ಜೊತೆ ಬೆರೆತಿದೆ. ನಿಮ್ಮ ಕಿವಿಗೆ ಒಗ್ಗುವುದು ಬಹುಶಃ ಅದೇ ಬೇಗ, ಅಲ್ಲಿಂದ ಶುರುಮಾಡಿ. ಆಮೇಲೆ ಬಚಾಟಾದ ಕಡೆಗೂ ಹೋಗಿ ಬನ್ನಿ.

ಬಾಸ್ ಗುಮ್ಮೆನ್ನುವ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಪದಗಳೇ ಮುಚ್ಚಿಹೋಗುತ್ತವೆ. ಸೋನಿಯ ಅಗ್ಗದ ವೈರ್ ಇಯರ್‌ಫೋನ್ ಸಾಕು. ಈಕ್ವಲೈಜರ್‌ನಲ್ಲಿ ಬಾಸ್ ಸ್ವಲ್ಪ ತಗ್ಗಿಸಿ ಒಮ್ಮೆ ಮಾತಿಗಾಗಿ ಕೇಳಿ, ಆಮೇಲೆ ಏರಿಸಿ ಇನ್ನೊಮ್ಮೆ ಕೇಳಿ.