ಸ್ಟುಡಿಯೋ ಒನ್ ಲಿನಕ್ಸ್‌ಗೆ (ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ) ಬಂದಾಗ ಕೆಲವರು ಹಿಗ್ಗಿದರು, ಕೆಲವರು ಗೊಣಗಿದರು, ಕಾರಣವೇನು?

ಎರಡೂ ಗುಂಪಿನವರ ಮಾತಿನಲ್ಲಿ ಹುರುಳಿದೆ. 2023ರಲ್ಲಿ ಈ ಧ್ವನಿಮುದ್ರಣ ತಂತ್ರಾಂಶದ 6.5ನೇ ಆವೃತ್ತಿ ಲಿನಕ್ಸ್‌ಗೂ ಬಂತು, ಆದರೆ ಬೀಟಾ, ಅಂದರೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ ಎಂಬ ಹಣೆಪಟ್ಟಿಯೊಂದಿಗೆ. ಇಂಥದೇ ತಂತ್ರಾಂಶ ಬಿಟ್‌ವಿಗ್ 2014ರ ಮೊದಲ ಆವೃತ್ತಿಯಿಂದಲೇ ಅಲ್ಲಿತ್ತು. ಆರ್ಡರ್ (Ardour) ಎಂಬ ಮತ್ತೊಂದಂತೂ ಲಿನಕ್ಸ್‌ನಲ್ಲೇ ಹುಟ್ಟಿದ್ದು. ಹಾಗಾಗಿ ‘ಈಗ ಎಚ್ಚರವಾಯಿತೇ’ ಎಂಬ ಕೊಂಕು ಸಹಜ.

ನಿಜವಾದ ತೊಡಕು ಪ್ಲಗಿನ್‌ಗಳದ್ದು, ಅಂದರೆ ಮುಖ್ಯ ತಂತ್ರಾಂಶಕ್ಕೆ ಜೋಡಿಸುವ ಕಿರು ತಂತ್ರಾಂಶಗಳದ್ದು. ವಿಂಡೋಸ್‌ಗಾಗಿ ಮಾಡಿದ ಪ್ಲಗಿನ್ ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ತಯಾರಕರೇ ಬೇರೆ ಆವೃತ್ತಿ ಸಿದ್ಧಪಡಿಸಬೇಕು. ಇಲ್ಲವಾದರೆ ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ (Wine), ಅದಕ್ಕೆ ಪ್ಲಗಿನ್‌ಗಳನ್ನು ಬೆಸೆಯುವ ಯಾಬ್ರಿಜ್ ಮೂಲಕ ಓಡಿಸಬೇಕು. ನಕಲು ತಡೆಯುವ ಬೀಗ ಹಾಕಿದ ಪ್ಲಗಿನ್‌ಗಳು ಅಲ್ಲಿಯೂ ಹಲವೊಮ್ಮೆ ಕೈಕೊಡುತ್ತವೆ. ವರ್ಷಗಟ್ಟಲೆ ದುಡ್ಡು ಸುರಿದು ಪ್ಲಗಿನ್ ಕೂಡಿಟ್ಟವರು ಗೊಣಗದೆ ಇನ್ನೇನು ಮಾಡಿಯಾರು?

ನಮ್ಮ ಕಾಸರಗೋಡಿನವರ ಲೆಕ್ಕ ಸ್ವಲ್ಪ ಬೇರೆ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಇರುವುದರಿಂದ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದು ಅಪರಿಚಿತವಲ್ಲ. ತಾಳಮದ್ದಳೆ ಮುದ್ರಿಸುವವರಿಗೆ ಬೇಕಾದುದು ಭಾಗವತರಿಗೆ, ಚೆಂಡೆಗೆ, ಮದ್ದಳೆಗೆ, ಅರ್ಥಧಾರಿಗಳಿಗೆ ಪ್ರತ್ಯೇಕ ಟ್ರ್ಯಾಕ್ ಮತ್ತು ಸರಿಯಾದ ಜಾಗದಲ್ಲಿಟ್ಟ ಮೈಕು. ಸ್ವರದ ಏರಿಳಿತ ತಿದ್ದುವ ಇಕ್ಯೂ, ಸದ್ದಿನ ಏರಿಳಿತ ಹದಗೊಳಿಸುವ ಕಂಪ್ರೆಸರ್ ತಂತ್ರಾಂಶದೊಳಗೇ ಇರುತ್ತವೆ. (ಚೆಂಡೆಯ ಸದ್ದು ಭಾಗವತರ ಮೈಕಿಗೆ ನುಗ್ಗುವುದನ್ನು ಯಾವ ಪ್ಲಗಿನ್ನೂ ಪೂರ್ತಿ ತಡೆಯದು.) ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಕೊಳ್ಳುವಾಗ ಮಾತ್ರ ‘ಯುಎಸ್‌ಬಿ ಕ್ಲಾಸ್ ಕಂಪ್ಲಯಂಟ್’ ಎಂದು ಬರೆದಿರುವುದನ್ನೇ ಆರಿಸಿ, ಅಂಥವು ಸಾಮಾನ್ಯವಾಗಿ ಬೇರೆ ಡ್ರೈವರ್ ಹಾಕದೆಯೇ ಲಿನಕ್ಸ್‌ನಲ್ಲಿ ನಡೆಯುತ್ತವೆ.